ಎಳ್ಳೋ? ಹೇನೋ?

ಒಂದು ಮನೆಯ ನೆಮ್ಮದಿ ಕೆಡಿಸಲು ಕಳ್ಳನೇ ನುಗ್ಗಬೇಕೆಂದಿಲ್ಲ, ನೆಂಟರೇ ಬಂದು ಬೀಡುಬಿಡಬೇಕೆಂದೂ ಇಲ್ಲ. ಮಗುವಿನ ಶಾಲೆಯಿಂದ ಫೋನಿಗೆ ಒಂದು ಸಂದೇಶ ಬಂದರೆ ಸಾಕು. ಸ್ಮೈಲ್ ಮಾಮನಿಗೆ ಅದು ಬಂದದ್ದು ಸಂಜೆ, ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಗಳ ತರಗತಿಯ ಗ್ರೂಪ್ ಫೋಟೋ ತಿದ್ದುತ್ತಿದ್ದಾಗ.

"ತರಗತಿಯ ಒಂದು ಮಗುವಿನ ತಲೆಯಲ್ಲಿ ಹೇನು ಕಂಡುಬಂದಿದೆ. ಪೋಷಕರು ದಯವಿಟ್ಟು ತಮ್ಮ ಮಕ್ಕಳ ತಲೆ ನೋಡಿಕೊಳ್ಳಿ. ಗಾಬರಿಪಡುವ ಅಗತ್ಯವಿಲ್ಲ."

ಗಾಬರಿಪಡುವ ಅಗತ್ಯವಿಲ್ಲ ಎಂದು ಓದಿದ ಕೂಡಲೇ ಸ್ಮೈಲ್ ಮಾಮ ಗಾಬರಿಪಟ್ಟ. ಅವನ ಕೈ ತಾನಾಗಿಯೇ ತಲೆಗೆ ಹೋಯಿತು. ಒಂದು ಸಲ ಕೆರೆದುಕೊಂಡ. ಆಮೇಲೆ ನಿಲ್ಲಿಸಲಾಗಲಿಲ್ಲ.

(ಕ್ಯಾಮೆರಾ ಕಂಡರೆ ಅಳುವ ಮಕ್ಕಳ ಮುಂದೆ "ಸ್ಮೈಲ್, ಸ್ಮೈಲ್" ಎಂದು ಕುಣಿದೂ ಕುಣಿದೂ ಬೀದಿಯ ಮಕ್ಕಳಿಂದ ಅವನು ಗಳಿಸಿದ ಬಿರುದು ಈ 'ಸ್ಮೈಲ್ ಮಾಮ'. ಮನೆಯಲ್ಲಿ ಅವನ ಮುಖದ ಮೇಲೆ ಸ್ಮೈಲ್ ಕಾಣುವುದು ಅಪರೂಪ ಎಂಬುದು ಹೆಂಡತಿಯ ದೂರು. ಸರಕೆಲ್ಲ ಗಿರಾಕಿಗಳಿಗೇ ಖರ್ಚಾಗಿಬಿಡುತ್ತದೆ ಎಂಬುದು ಅವನ ಸಮಜಾಯಿಷಿ.)

ಬೇರೆ ಯಾವ ಅಪ್ಪನಾದರೂ ಆಗ ಏನು ಮಾಡುತ್ತಿದ್ದ? ಸ್ಟುಡಿಯೋದ ಹಿಂದೆಯೇ ಇದ್ದ ಮನೆಗೆ ನಾಲ್ಕು ಹೆಜ್ಜೆ ಹಾಕಿ ಮಗಳ ತಲೆ ನೋಡುತ್ತಿದ್ದ. ಆದರೆ ಸ್ಮೈಲ್ ಮಾಮ ಸಾಮಾನ್ಯ ಅಪ್ಪನಲ್ಲ, ಛಾಯಾಗ್ರಾಹಕ. ಇಡೀ ತರಗತಿಯ ತಲೆಗಳು ಅವನ ಕಣ್ಣೆದುರಿಗೇ ಇದ್ದವು, ಅದೂ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುವಷ್ಟು ಸ್ಪಷ್ಟವಾಗಿ. ಅಪರಾಧಿ ಈ ಚೌಕಟ್ಟಿನೊಳಗೇ ಎಲ್ಲೋ ಇದ್ದಾನೆ ಅಥವಾ ಇದ್ದಾಳೆ! ಬೀದಿ ಬಾಗಿಲನ್ನು ಅರ್ಧ ಎಳೆದು, ದೀಪ ಆರಿಸಿ, ಚಿತ್ರವನ್ನು ದೊಡ್ಡದು ಮಾಡುತ್ತ ಹಿಂದಿನ ಸಾಲಿನಿಂದ ತನಿಖೆ ಶುರುಮಾಡಿದ. ಬೈತಲೆಯೊಂದು ಹೆದ್ದಾರಿಯಂತೆ ಪರದೆಯ ತುಂಬ ಹರಡಿಕೊಂಡಿತು. ಒಂದು ಜಡೆ ಹೆಬ್ಬಾವಿನಂತೆ ಮಲಗಿತ್ತು. ಹಿಂದಿನ ಸಾಲು ನಿರ್ದೋಷಿ. ನಡುವಿನ ಸಾಲಿನಲ್ಲಿ ಸ್ವಂತ ಮಗಳು ಚುಕ್ಕಿ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಅವಳ ತಲೆಯೂ ಚೊಕ್ಕ. ಅವಳ ತಲೆಗೆ ತಲೆ ತಾಗಿಸಿಕೊಂಡು ಕೂತಿದ್ದವಳು ಅವಳ ಜೀವದ ಗೆಳತಿ, ಬೀದಿ ತಿರುವಿನ ಬೇಕರಿಯವನ ಮಗಳು. ಕೆನ್ನೆ ನೋಡಿ ಎಲ್ಲರೂ ಅವಳನ್ನು ಬನ್ನು ಎಂದೇ ಕರೆಯುತ್ತಿದ್ದರು.

ಬನ್ನುವಿನ ಹಣೆಗೂದಲ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು.

ಇನ್ನೂ ದೊಡ್ಡದು ಮಾಡಿದ. ಚುಕ್ಕೆ ಉದ್ದುದ್ದಕ್ಕೆ, ಒಂದು ತುದಿ ಚೂಪಾಗಿ ಕಂಡಿತು. ಮತ್ತೂ ದೊಡ್ಡದು ಮಾಡಿದ. ಅದು ತನ್ನನ್ನೇ ನೋಡುತ್ತಿದೆ ಎನ್ನಿಸಿತು.

"ಸಿಕ್ಕಿಬಿದ್ದೆ!" ಎಂದು ಕತ್ತಲಲ್ಲಿ ಒಬ್ಬನೇ ಕೂಗಿದ.

ಅಲ್ಲಿಂದ ಎದ್ದವನೇ ಎದುರಿನ ಔಷಧಿ ಅಂಗಡಿಗೆ ಓಡಿ, ಹೇನಿನ ಔಷಧಿ ಒಂದು ಬಾಟಲಿ ಕೊಂಡ. ಅಂಗಡಿಯವನು ಬಿಡುವಾಗಿದ್ದನೋ ಏನೋ, ಔಷಧಿಯ ಜೊತೆಗೆ ಒಂದು ಪುಕ್ಕಟೆ ಉಪನ್ಯಾಸವನ್ನೂ ಕೊಟ್ಟ. ಅದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಸ್ಮೈಲ್ ಮಾಮ ಮನೆಗೆ ಬಂದು ಹೊಸ್ತಿಲಲ್ಲೇ ನಿಂತು ಎರಡೂ ಕೈ ಎತ್ತಿದ.

"ಯಾರೂ ಯಾರನ್ನೂ ಮುಟ್ಟಬೇಡಿ!"

ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅವಳ ಕೆಲಸ. ಬಸ್ಸು ತಪ್ಪಿದವರ, ಕಿಟಕಿ ಪಕ್ಕದ ಸೀಟು ಸಿಗದವರ ಕೂಗಾಟವನ್ನು ಗಾಜಿನ ಈಚೆಯಿಂದ ದಿನವಿಡೀ ಕೇಳುವವಳನ್ನು ಗಂಡನ ಕೂಗು ಅಲುಗಿಸುವುದುಂಟೇ?

"ಏನ್ರೀ ಅದು?" ಎಂದಳು, ಎರಡನೇ ಚಪ್ಪಲಿ ಬಿಡುತ್ತ.

"ಹೇನು!"

"ಅದನ್ನೇ ಕೇಳ್ತಿರೋದು, ಏನು ಅಂತ."

"ಏನಲ್ಲ ಕಣೇ! ಹೇನು! ಹ... ಹ... ಹೇನು!"

"ನಗೋ ವಿಷಯಾನಾ? ಹಾಗಿದ್ರೆ ಕೈಕಾಲು ತೊಳ್ಕೊಂಡು ಬರ್ತೀನಿ, ಕೂತು ನಗೋಣ."

ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಒರಗಿದ್ದ ಅವನ ತಾಯಿಗೆ ಮಾತ್ರ ಮೊದಲ ಸಲಕ್ಕೇ ಕೇಳಿಸಿತು. ಮೂರು ಸಲ ಊಟಕ್ಕೆ ಕರೆದರೂ ಕೇಳಿಸದ ಕಿವಿ ಅದು! ಅಜ್ಜಿ ತಟ್ಟನೆ ಎದ್ದು ಕೂತರು. ಬೆಳಗ್ಗೆಯಿಂದ ಸಂಜೆಯವರೆಗೆ ಮಗ ಸ್ಟುಡಿಯೋದಲ್ಲಿ, ಸೊಸೆ ಕೌಂಟರಿನಲ್ಲಿ, ಮೊಮ್ಮಗಳು ಶಾಲೆಯಲ್ಲಿ. ಅವರು ಮಾತ್ರ ಕಿಟಕಿಯಲ್ಲಿ. ಯಾರಿಗೂ ಅವರಿಂದ ಏನೂ ಆಗಬೇಕಾಗಿರಲಿಲ್ಲ. ಈಗ ಆಗಬೇಕಾಗಿತ್ತು. ಮಂಚದಡಿಯ ಪೆಟ್ಟಿಗೆ ಎಳೆದು, ಸೀರೆಗಳ ನಡುವೆ ಕೈಯಾಡಿಸಿ, ಒತ್ತೊತ್ತಾದ ಹಲ್ಲುಗಳ ಒಂದು ಹಳೆಯ ಮರದ ಬಾಚಣಿಗೆಯನ್ನು ಹೊರತೆಗೆದು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದರು.

"ಎಲ್ಲಿ ಆ ಮಗು? ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ. ಬೆಳಕು ಹೋಗೋದ್ರೊಳಗೆ ನೋಡಿಬಿಡ್ತೀನಿ."

ಅಜ್ಜಿ ಹಿತ್ತಿಲಿಗೆ ಹೊರಟರೆ ಸ್ಮೈಲ್ ಮಾಮ ಮನೆಯೊಳಗೆ ಮಹಾಭಿಯಾನ ಆರಂಭಿಸಿದ. ಹಾಸಿಗೆಯ ಹೊದಿಕೆ ಕಿತ್ತ. ದಿಂಬಿನ ಚೀಲ ಕಳಚಿ ಕುದಿಯುವ ನೀರಿಗೆ ಹಾಕಿದ. ಸೋಫಾದ ಬಟ್ಟೆ ಎಳೆದ. ಚುಕ್ಕಿಯ ಕರಡಿ ಗೊಂಬೆಯನ್ನು ಬಟ್ಟೆ ಒಣಹಾಕುವ ತಂತಿಗೆ ಕಿವಿ ಹಿಡಿದು ನೇತುಹಾಕಿದ. ಕಿಟಕಿಯ ಪರದೆಗೆ ಕೈಹಾಕಿದಾಗ ಹೆಂಡತಿ ತಡೆದಳು.

"ಪರದೆಗೆ ತಲೆ ಇದೆಯೇನ್ರೀ?"

"ಎಚ್ಚರಿಕೆ ಕಣೇ. ಒಂದು ಹೊಕ್ಕರೆ ಊರೇ ಹೊಕ್ಕ ಹಾಗೆ."

"ಪರದೆಗೆ ಇಲ್ಲ ಅಂತ ಗೊತ್ತು. ನಿಮಗಾದ್ರೂ ಇದೆಯಾ ಅಂತ ಕೇಳಿದೆ."

ಹಿತ್ತಿಲ ಮೆಟ್ಟಿಲ ಮೇಲೆ ಬೇರೆಯದೇ ಲೋಕವಿತ್ತು. ಮೇಲಿನ ಮೆಟ್ಟಿಲಲ್ಲಿ ಅಜ್ಜಿ, ಕೆಳಗಿನದರಲ್ಲಿ ಚುಕ್ಕಿ. ಇಳಿಬಿಸಿಲು ಬಿಚ್ಚಿದ ಕೂದಲಿನ ಮೇಲೆ ಬಿದ್ದಿತ್ತು. ಅಜ್ಜಿ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದರು, ಚುಕ್ಕಿ ಶಾಲೆಯ ಸುದ್ದಿ ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಯಾರು ಯಾರ ರಬ್ಬರ್ ಕದ್ದರು, ಯಾರು ಯಾರ ಜೊತೆ ಟೂ ಬಿಟ್ಟರು, ಟೀಚರ್ ಸೀನಿದಾಗ ಹೇಗೆ ಕಾಣುತ್ತಾರೆ. "ಆಮೇಲೆ?" ಎನ್ನುತ್ತಿದ್ದರು ಅಜ್ಜಿ. ಸುದ್ದಿ ಮುಗಿಯುವ ಹೊತ್ತಿಗೆ ತಲೆಯೂ ಮುಗಿಯಿತು.

"ಏನೂ ಇಲ್ಲ. ಒಂದು ಸೀರೂ ಇಲ್ಲ," ಎಂದರು ಅಜ್ಜಿ. ಹೇಳುವಾಗ ಅವರ ಮುಖ ಸ್ವಲ್ಪ ಬಾಡಿತೆಂದೇ ಹೇಳಬೇಕು. ಹೆಂಡತಿ ಟಾರ್ಚು ಹಿಡಿದು ಕಿವಿಯ ಹಿಂದೆ, ಕತ್ತಿನ ಮೇಲೆ ಇನ್ನೊಮ್ಮೆ ನೋಡಿದಳು. ಏನೂ ಇರಲಿಲ್ಲ.

"ಆದ್ರೂ ಔಷಧಿ ಹಚ್ಚಿಬಿಡೋಣ," ಎಂದ ಸ್ಮೈಲ್ ಮಾಮ, ಬಾಟಲಿ ಕುಲುಕುತ್ತ.

"ಇಲ್ಲದ ಹೇನಿಗೆ ಔಷಧಿ ಯಾಕ್ರೀ? ನಾಲ್ಕು ದಿನ ಬಾಚಿ ಬಾಚಿ ನೋಡೋಣ. ಕಂಡ್ರೆ ಆಗ ಹಚ್ಚೋಣ."

ಅವನಿಗೆ ನಿರಾಸೆಯಾಯಿತು. ಇಷ್ಟು ದೊಡ್ಡ ಸೈನ್ಯ ಕಟ್ಟಿಕೊಂಡು ಹೊರಟವನಿಗೆ ಶತ್ರುವೇ ಸಿಗದಿದ್ದರೆ? ಆಗ ಬನ್ನು ನೆನಪಾದಳು.

"ಚುಕ್ಕಿ, ನಾಳೆಯಿಂದ ನೀನು ಬನ್ನು ಪಕ್ಕ ಕೂರೋ ಹಾಗಿಲ್ಲ."

ಚುಕ್ಕಿ ತಿರುಗಿ ನೋಡಿದಳು. "ಯಾಕೆ?"

"ಅವಳ ತಲೇಲಿ ಹೇನಿದೆ. ನಾನು ಕಣ್ಣಾರೆ ನೋಡಿದೀನಿ."

"ಬನ್ನು ಅಲ್ಲಪ್ಪ."

"ಮತ್ಯಾರು?"

"ನಂಗೊತ್ತು. ಆದ್ರೆ ಹೇಳಲ್ಲ. ಪಾಪ, ತುಂಬಾ ಅಳ್ತಾ ಇತ್ತು." ಚುಕ್ಕಿ ಎದ್ದು ನಿಂತಳು. "ಬನ್ನು ಪಕ್ಕ ಬಿಟ್ಟು ಬೇರೆ ಎಲ್ಲೂ ನಾನು ಕೂರಲ್ಲ. ನಿಂತೇ ಇರ್ತೀನಿ."

ಊಟದ ಹೊತ್ತಿನಲ್ಲಿ ಅವಳು ಅಪ್ಪನ ಕಡೆಗೆ ಬೆನ್ನು ಮಾಡಿ ಕೂತಳು. ಸ್ಮೈಲ್ ಮಾಮ ತನ್ನ ಹಪ್ಪಳವನ್ನು ಅವಳ ತಟ್ಟೆಗೆ ದಾಟಿಸಿ ನೋಡಿದ, ಬೆನ್ನು ತಿರುಗಲಿಲ್ಲ. ಆದರೂ ಅಪ್ಪನಾದವನು ಸಣ್ಣಪುಟ್ಟ ಬೆನ್ನುಗಳಿಗೆ ಹೆದರಬಾರದು ಎಂದು ಸಮಾಧಾನ ಹೇಳಿಕೊಂಡ.

ಬೆಳಗ್ಗೆ ಸ್ಟುಡಿಯೋ ತೆರೆಯುವ ಮೊದಲು ಬೇಕರಿಗೆ ಹೋಗಿ, ಗಾಜಿನ ಕಪಾಟಿಗೆ ಮೊಣಕೈ ಊರಿ ಬೇಕರಿಯವನ ಜೊತೆ ಚಹಾ ಕುಡಿಯುವುದು ಅವನ ಎಷ್ಟೋ ವರ್ಷದ ಅಭ್ಯಾಸ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಲೇ ಗೆಳೆತನ ಉಳಿಸಿಕೊಂಡವರು. ಆ ದಿನವೂ ಹೋದ. ವಿಷಯವನ್ನು ನಾಜೂಕಾಗಿ, ಹೂವಿನಂತೆ ಎತ್ತಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದ. ಅಂಗಡಿಯಲ್ಲಿ ಬಿಸಿ ಬ್ರೆಡ್ಡಿಗಾಗಿ ಒಂದಷ್ಟು ಜನ ಸಾಲು ನಿಂತಿದ್ದರು.

"ಏನಯ್ಯಾ, ಮುಖ ಯಾಕೆ ಹಳಸಿದ ಬ್ರೆಡ್ಡಿನ ಹಾಗಿದೆ?" ಎಂದ ಬೇಕರಿಯವನು.

"ಏನಿಲ್ಲ. ಮನೇಲೆಲ್ಲ ಕ್ಷೇಮವಾ? ಮುಖ್ಯವಾಗಿ... ತಲೆಯ ಭಾಗದಲ್ಲಿ?"

"ತಲೆಯ ಭಾಗದಲ್ಲಾ?"

ಹೂವಿನಂತೆ ಎತ್ತುವುದು ಅಲ್ಲಿಗೆ ಮುಗಿಯಿತು. ಸ್ಮೈಲ್ ಮಾಮ ಫೋನು ತೆಗೆದು ಬನ್ನುವಿನ ದೊಡ್ಡದು ಮಾಡಿದ ಹಣೆಗೂದಲನ್ನು ಗೆಳೆಯನ ಮೂಗಿನ ಮುಂದೆ ಹಿಡಿದ. ಬೇಕರಿಯವನು ಕೈಯ ಹಿಟ್ಟು ಒರೆಸಿಕೊಂಡು ಕನ್ನಡಕ ಏರಿಸಿದ.

"ಏನಿದು?"

"ಹತ್ತಿರಹತ್ತಿರ ನೀನೇ ಹೇಳಿಬಿಟ್ಟೆ. ಮುಂದೊಂದು 'ಹ' ಸೇರಿಸ್ಕೋ."

ಅರ್ಥವಾಗಲು ಬೇಕರಿಯವನಿಗೆ ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಲೆಗಿಂತ ಕೆಂಪಾದ.

"ಹೇನಂತೆ ಹೇನು! ಇದು ಎಳ್ಳು ಕಣಯ್ಯಾ! ನನ್ನ ಅಂಗಡಿಯ ಕರಿ ಎಳ್ಳು! ಹುಟ್ಟಿದಾಗಿಂದ ಬನ್ನಿನ ಮೇಲೆ ಉದುರಿಸ್ತಾ ಇದೀನಿ, ನನಗೆ ಗುರುತು ಸಿಗಲ್ವಾ? ಫೋಟೋ ದಿನ ಬೆಳಗ್ಗೆ ಮಗು ಇಲ್ಲೇ ನಿಂತು ಬನ್ನು ತಿಂದು ಹೋಯ್ತು!" ತಟ್ಟೆಯಿಂದ ಒಂದು ಬನ್ನು ಎತ್ತಿ ಫೋನಿನ ಪಕ್ಕಕ್ಕೆ ಹಿಡಿದ. "ನೋಡು! ಇದೂ ಅದೂ ಒಂದೇನಾ ಅಲ್ವಾ? ಇದಕ್ಕೆ ಕಾಲೆಲ್ಲಿದೆ? ತೋರಿಸು ಕಾಲು!"

ಸ್ಮೈಲ್ ಮಾಮ ಬನ್ನು ನೋಡಿದ, ಫೋನು ನೋಡಿದ. ಒಂದೇ ಬಣ್ಣ, ಒಂದೇ ಆಕಾರ, ಅದೇ ಚೂಪು ತುದಿ. ಹೇನಿನ ಮುಖ ಹೋಗಿ ಎಳ್ಳಿನ ಮುಖವೇ ಕಾಣತೊಡಗಿತು.

ಆದರೆ ಅಷ್ಟರಲ್ಲಿ ಇನ್ನೊಂದು ಅನಾಹುತ ಆಗಿಹೋಗಿತ್ತು. ಸಾಲಿನಲ್ಲಿದ್ದವರಿಗೆ ಮಾತಿನ ಅರ್ಧ ಮಾತ್ರ ಕೇಳಿಸಿತ್ತು. ಕೊಡೆ ಹಿಡಿದ ಮುದುಕರೊಬ್ಬರು ತಮ್ಮ ಕೈಯಲ್ಲಿದ್ದ ಬನ್ನನ್ನು ಕಣ್ಣಿನ ಹತ್ತಿರ ತಂದು ನೋಡಿ, ಮೆಲ್ಲಗೆ ತಟ್ಟೆಗೆ ವಾಪಸ್ಸಿಟ್ಟರು. ಅವರ ಹಿಂದಿದ್ದ ಹೆಂಗಸು, "ಬನ್ನಿನ ಮೇಲೆ ಏನಿದೆಯಂತೆ?" ಎಂದು ಕೇಳಿದಳು. "ಅದೇ ಇದೆಯಂತೆ," ಎಂದರು ಮುದುಕರು.

"ನೋಡಿದ್ಯಾ?" ಬೇಕರಿಯವನು ಕಪಾಟಿನ ಮೇಲೆ ಕೈ ಕುಟ್ಟಿದ. "ನನ್ನ ಮಗಳ ತಲೆ ಮೇಲೆ ಗೂಬೆ ಕೂರಿಸಿದ್ದೂ ಅಲ್ಲದೆ ನನ್ನ ವ್ಯಾಪಾರಕ್ಕೂ ಕಲ್ಲು ಹಾಕಿದೆ!"

ಆಗ ಸಾಲಿನ ಮಧ್ಯದಿಂದ ಒಂದು ಮೃದು ದನಿ ಬಂತು. "ಒಂದು ನಿಮಿಷ." ಚುಕ್ಕಿಯ ಟೀಚರ್. ಶಾಲೆಗೆ ಹೋಗುವ ದಾರಿಯಲ್ಲಿ ಬ್ರೆಡ್ಡು ಕೊಳ್ಳಲು ನಿಂತಿದ್ದರು. "ಯಾವ ಮಗು ಅಂತ ನಾನು ಹೇಳಲ್ಲ. ಆದರೆ ಇವರ ಮಗಳಂತೂ ಅಲ್ಲ."

"ಕೇಳಿಸ್ಕೋ!" ಎಂದ ಬೇಕರಿಯವನು. ಅವನಿಗೆ ಈಗ ಹುರುಪು ಬಂತು. "ಟೀಚರ್, ಹೇನು ಹಬ್ಬಿಸಿದ್ದು ಯಾರು ಅಂತ ನಾನು ಹೇಳ್ತೀನಿ. ಇವನೇ! ಅವತ್ತು ಆ ಹಡಗಿನ ಕಪ್ತಾನನ ಟೋಪಿ ತಂದು ಒಬ್ಬರ ತಲೆಯಿಂದ ತೆಗೆದು ಇನ್ನೊಬ್ಬರ ತಲೆಗೆ, ಇನ್ನೊಬ್ಬರ ತಲೆಯಿಂದ ಮತ್ತೊಬ್ಬರ ತಲೆಗೆ ಇಟ್ಟು ಬಿಡಿ ಫೋಟೋ ತೆಗೀಲಿಲ್ವಾ? ಇಡೀ ತರಗತಿಗೆ ಒಂದೇ ಟೋಪಿ!"

ಸಾಲು ಪೂರ್ತಿ ಸ್ಮೈಲ್ ಮಾಮನ ಕಡೆ ತಿರುಗಿತು. ಟೀಚರ್ ಸಂಕೋಚದಿಂದ, "ಒಂದಿಬ್ಬರು ಪೋಷಕರೂ ಟೋಪಿ ವಿಷಯ ಎತ್ತಿದಾರೆ ಸಾರ್. ಉಳಿದ ತರಗತಿಗಳ ಫೋಟೋ ಬೇರೆಯವರಿಗೆ ಕೊಡೋಣವಾ ಅಂತ ಹೆಡ್ ಮೇಡಂ ಯೋಚಿಸ್ತಿದಾರೆ," ಎಂದರು.

ಮದುವೆ ಮುಂಜಿಗಳಿಗೆಲ್ಲ ಜನ ತಮ್ಮ ತಮ್ಮ ಫೋನುಗಳಲ್ಲೇ ಫೋಟೋ ತೆಗೆದುಕೊಳ್ಳುವ ಈ ಕಾಲದಲ್ಲಿ ಸ್ಮೈಲ್ ಮಾಮನ ಸ್ಟುಡಿಯೋದ ಬಾಗಿಲು ತೆರೆದಿದ್ದದ್ದೇ ಶಾಲೆಯ ಫೋಟೋಗಳಿಂದ. ಆ ಸಂಕಟದ ಗಳಿಗೆಯಲ್ಲಿ ಔಷಧಿ ಅಂಗಡಿಯವನ ಉಪನ್ಯಾಸ ಅವನನ್ನು ಕಾಪಾಡಲು ಓಡಿಬಂತು. ಅವನು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ನ್ಯಾಯಾಲಯದಲ್ಲಿ ನಿಂತವನಂತೆ ಶುರುಮಾಡಿದ.

"ಮಹನೀಯರೇ, ಹೇನಿಗೆ ರೆಕ್ಕೆ ಇಲ್ಲ. ಅದು ಹಾರಲ್ಲ. ಅದು ಜಿಗಿಯೋದೂ ಇಲ್ಲ. ತಲೆ ಬಿಟ್ಟು ಟೋಪಿಗೆ ಇಳಿದು ಅಲ್ಲಿ ಬಿಡಾರ ಹೂಡೋದು ಬಲು ಅಪರೂಪ. ಬೇಕಾದ್ರೆ ಔಷಧಿ ಅಂಗಡಿಯಲ್ಲಿ ವಿಚಾರಿಸಿ. ಹೇನು ದಾಟೋದಕ್ಕೆ ಮುಖ್ಯವಾದ ದಾರಿ ಒಂದೇ. ತಲೆಗೆ ತಲೆ ತಾಗಬೇಕು! ಕೂದಲಿಗೆ ಕೂದಲು ಸೇರಬೇಕು! ಆದ್ದರಿಂದ ನನ್ನ ಟೋಪಿ ನಿರಪರಾಧಿ!"

ಸಾಲಿನಲ್ಲಿ ತಲೆಗಳು ಅಲ್ಲಾಡಿದವು. ಟೀಚರ್ ಕೂಡ, "ಹೌದು, ನಮ್ಮ ಶಾಲೆಗೆ ಬರೋ ನರ್ಸೂ ಹಾಗೇ ಅಂದ್ರು," ಎಂದರು. ಸ್ಮೈಲ್ ಮಾಮನಿಗೆ ಗೆದ್ದೆನೆನ್ನಿಸಿತು. ಗೆದ್ದವನು ಅಲ್ಲಿಗೇ ಸುಮ್ಮನಾಗಬಹುದಿತ್ತು. "ಮಕ್ಕಳ ತಲೆಗೆ ತಲೆ ತಾಗಿಸಿದವರು ಯಾರೋ, ಅವರನ್ನು ಹಿಡೀರಿ!" ಎಂದು ಇನ್ನೊಂದು ಮಾತು ಸೇರಿಸಿದ.

"ಅಪ್ಪಾ, ನೀನೇ ಅಲ್ವಾ?"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಚುಕ್ಕಿ ನಿಂತಿದ್ದಳು. ಗೆಳತಿಯರಿಬ್ಬರೂ ದಿನಾ ಬೇಕರಿಯಿಂದಲೇ ಜೊತೆಯಾಗಿ ಶಾಲೆಗೆ ಹೋಗುವುದರಿಂದ ಅಮ್ಮ ಅವಳನ್ನು ಬಿಡಲು ಬಂದಿದ್ದಳು. ಒಳಗಿನಿಂದ ಬನ್ನುವೂ ಚೀಲ ಹೆಗಲಿಗೇರಿಸಿಕೊಂಡು ಬಂದು ಅವಳ ಪಕ್ಕ ನಿಂತಳು.

"ಗ್ರೂಪ್ ಫೋಟೋಗೆ ನೀನೇ ಹೇಳಿದ್ದಲ್ವಾ?" ಚುಕ್ಕಿಯದು ದೂರಲ್ಲ, ಬರಿಯ ನೆನಪು. "ಎಲ್ಲರೂ ಹತ್ತಿರ ಬನ್ನಿ, ಇನ್ನೂ ಹತ್ತಿರ, ತಲೆಗೆ ತಲೆ ಅಂಟಬೇಕು, ನಡುವೆ ಗಾಳಿ ಹೋಗಬಾರದು ಅಂತ."

"ನಾವು ದೂರ ಕೂತಿದ್ವಿ," ಎಂದಳು ಬನ್ನು. "ಮಾಮನೇ ಬಂದು ಎಲ್ಲರ ತಲೇನೂ ಹಿಡಿದು ಹಿಡಿದು ಅಂಟಿಸಿದ್ರು. ಆಮೇಲೆ 'ಹೀಗೆ ನೋಡಿ' ಅಂತ ಅವರ ತಲೇನೂ ನಮ್ಮ ಮಧ್ಯೆ ತೂರಿಸಿ ತೋರಿಸಿದ್ರು."

ಮೊದಲು ಕೊಡೆಯ ಮುದುಕರು ಕಿಸಕ್ಕೆಂದರು. ಅದು ಸಾಲಿನ ಉದ್ದಕ್ಕೂ ಹರಿದು, ಟೀಚರ್‌ವರೆಗೆ ಹೋಗಿ, ಕೊನೆಗೆ ಬೇಕರಿಯವನ ಹೊಟ್ಟೆಯಲ್ಲಿ ಸೇರಿ ದೊಡ್ಡ ನಗೆಯಾಗಿ ಸಿಡಿಯಿತು. ಸ್ಮೈಲ್ ಮಾಮ ಹೆಂಡತಿಯ ಕಡೆ ನೋಡಿದ, ಆಸರೆ ಸಿಗಬಹುದೆಂದು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಕುಣಿಯುತ್ತಿತ್ತು.

ಅವನು ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮುದುಕರು ವಾಪಸ್ಸಿಟ್ಟಿದ್ದ ಅದೇ ಬನ್ನನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಹಿಡಿದು, "ಇದು ಎಳ್ಳು. ಅಪ್ಪಟ ಎಳ್ಳು. ತಪ್ಪು ನನ್ನ ಕಣ್ಣಿಂದು," ಎಂದು ಘೋಷಿಸಿ ಪೂರ್ತಿ ತಿಂದ. ಅಂಗೈಗೆ ಉದುರಿದ ಎಳ್ಳನ್ನೂ ಬಿಡದೆ ನೆಕ್ಕಿದ. ಮುದುಕರಿಗೆ ನಂಬಿಕೆ ಬಂತು, ಎರಡು ಬನ್ನು ಕೊಂಡರು. ಆಮೇಲೆ ಅವನು ಬನ್ನುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನಿನ್ನ ಬಗ್ಗೆ ತಪ್ಪು ತಿಳ್ಕೊಂಡೆ ಕಣಮ್ಮ. ಬೇಜಾರು ಮಾಡ್ಕೋಬೇಡ."

"ಪರವಾಗಿಲ್ಲ ಮಾಮ." ಬನ್ನು ಅವನ ತಲೆಯನ್ನೇ ನೋಡುತ್ತಿದ್ದಳು. "ನೀವು ಯಾಕೆ ಅಷ್ಟೊಂದು ಕೆರ್ಕೊಳ್ತಿದೀರಾ?"

ಅವನ ಕೈ ತಲೆಯಲ್ಲಿತ್ತು. ನಿನ್ನೆ ಸಂಜೆಯಿಂದ ಅಲ್ಲೇ ಇತ್ತು.

ಟೀಚರ್ ಬ್ರೆಡ್ಡು ಹಿಡಿದು ಹೊರಡುವಾಗ ಹೇಳಿದರು, "ಉಳಿದ ತರಗತಿಗಳಿಗೂ ನೀವೇ ಬನ್ನಿ ಸಾರ್, ಹೆಡ್ ಮೇಡಂಗೆ ನಾನು ಹೇಳ್ತೀನಿ. ಆದ್ರೆ ಈ ಸಲ ಮಕ್ಕಳ ನಡುವೆ ಸ್ವಲ್ಪ ಗಾಳಿ ಹೋಗಲಿ." ಗೆಳತಿಯರಿಬ್ಬರೂ ಅವರ ಹಿಂದೆ ಹೊರಟರು. ಚುಕ್ಕಿ ಬಾಗಿಲಿನಿಂದ ಓಡಿ ವಾಪಸ್ಸು ಬಂದು, ಅಪ್ಪನ ಸೊಂಟ ಒಮ್ಮೆ ಗಟ್ಟಿಯಾಗಿ ತಬ್ಬಿ, ತಲೆಯನ್ನು ಮಾತ್ರ ದೂರ ಹಿಡಿದುಕೊಂಡು, ಮತ್ತೆ ಓಡಿದಳು.

ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ, ಕೆಳಗಿನದರಲ್ಲಿ ಸ್ಮೈಲ್ ಮಾಮ, ಮೇಲಿನದರಲ್ಲಿ ಅವನ ತಾಯಿ. ಕಿವಿಯ ಹಿಂದೆ ಬಾಚಣಿಗೆ ಎರಡನೇ ಸಲ ಎಳೆಯುತ್ತಿದ್ದಂತೆಯೇ ಅಜ್ಜಿ, "ಸಿಕ್ತು!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿಯೂ ತೆರೆಯಿತು. ಹೆಂಡತಿ ಟಾರ್ಚು ತಂದಳು. ಚುಕ್ಕಿ ಬಗ್ಗಿ ನೋಡಿ, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಗಲಾಟೆಯಾ ಎಂದು ಕೇಳಿದಳು.

"ಇಡೀ ಮನೇಲಿ ನಿಮಗೊಬ್ಬರಿಗೇ," ಎಂದಳು ಹೆಂಡತಿ. "ಔಷಧಿಗೆ ಕೊನೆಗೂ ಗಿರಾಕಿ ಸಿಕ್ಕಿದ್ರು ಬಿಡಿ. ನೀರು ಕಾಯಿಸ್ತೀನಿ, ಅತ್ತೆ ಮುಗಿಸಿದ ಮೇಲೆ ಬನ್ನಿ." ಚುಕ್ಕಿಯನ್ನು ಕರೆದುಕೊಂಡು ಒಳಗೆ ಹೋದಳು.

ಇಳಿಬಿಸಿಲು ಬೆನ್ನಿಗೆ ಹಿತವಾಗಿತ್ತು. ತಾಯಿಯ ಬೆರಳುಗಳು ಅವಸರವಿಲ್ಲದೆ ಓಡಾಡುತ್ತಿದ್ದವು. ಅವನು ಮೊದಲು ಹೊಸ ಲೆನ್ಸಿನ ವಿಷಯ ಹೇಳಿದ. ಆಮೇಲೆ ಸ್ಟುಡಿಯೋದ ಛಾವಣಿ ಸೋರುವುದನ್ನು ಹೇಳಿದ. ಆಮೇಲೆ ಬೇಕರಿಯಲ್ಲಿ ನಡೆದದ್ದನ್ನೆಲ್ಲ ಮೊದಲಿಂದ ಹೇಳಿದ. "ಆಮೇಲೆ?" ಎನ್ನುತ್ತಿದ್ದರು ಅಜ್ಜಿ. ಹೀಗೆ ಕೂತು ಅಮ್ಮನ ಜೊತೆ ಮಾತಾಡಿ ಎಷ್ಟು ಕಾಲವಾಯಿತೋ ಅವನಿಗೇ ಗೊತ್ತಿರಲಿಲ್ಲ. ಕಣ್ಣುಗಳು ತಾವಾಗಿಯೇ ಮುಚ್ಚಿದವು.

"ಆಯ್ತು, ಏಳಪ್ಪ," ಎಂದರು ಅಜ್ಜಿ. "ಇನ್ನೇನೂ ಇಲ್ಲ."

ಅವನು ಏಳಲಿಲ್ಲ. "ಸರಿಯಾಗಿ ನೋಡಮ್ಮ. ಇನ್ನೂ ಕಡೀತಿದೆ."

"ಎಲ್ಲಿ?"

"ಅಲ್ಲೇ, ಮೇಲ್ಗಡೆ. ನಟ್ಟನಡುವೆ."

ಅಜ್ಜಿ ಬಾಚಣಿಗೆ ಎತ್ತಿದರು. ಆಮೇಲೆ ಅವನ ನಡುನೆತ್ತಿಯ ಮೇಲೆ ಅವರ ಬೆರಳ ಗೆಣ್ಣು ಟಕ್ಕೆಂದು ಬಿತ್ತು.

"ಸುಳ್ಳ! ಅಲ್ಲಿ ಕೂದಲೇ ಇಲ್ಲವಲ್ಲೋ!"